ಹುಳದ ಹಾಡುಗಳಿಗೆ ಐದು ವಾದ್ಯ

ಚಿಕ್ಕಬಳ್ಳಾಪುರ
6 ಫೆಬ್ರವರಿ 2025

ಶ್ರೀಮತಿ ಚಿಕ್ಕವೆಂಕಟಮ್ಮನವರಿಗೆ ಶ್ರೀವಲ್ಲಿಯ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟ್ರಾಗಿದ್ದ ಅನಂತರಾಮಯ್ಯನವರ ಮೊಮ್ಮಗಳು ನಾನು. ಇಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ತಾತ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ವಿಳಾಸದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ‘ಹುಳದ ಹಾಡುಗಳು, 1984’ ಎಂದು ಬರೆದದ್ದನ್ನು ಕಂಡು ಈ ಕಾಗದ ಬರೆಯುತ್ತಿದ್ದೇನೆ. ವಿಳಾಸ ಈಗಲೂ ಅದೇ ಇದ್ದರೆ ನನ್ನ ಪುಣ್ಯ.

ರೇಷ್ಮೆಹುಳದ ಬಾಳಿನ ಮೇಲೆ ತಾತ ಕಟ್ಟಿದ ಆ ಆರು ಹಾಡುಗಳ ಮಾಲೆಯನ್ನು ಮೂವತ್ತೆರಡು ವಾದ್ಯಗಳ ಜೊತೆ ನೀವು ಹಾಡಿ, ಬೆಂಗಳೂರಿನ ಒಂದು ಕಂಪನಿ ಕ್ಯಾಸೆಟ್ ತಂದಿತ್ತಂತೆ. ಅದನ್ನು ಈಗ ಹೊಸದಾಗಿ ರೆಕಾರ್ಡ್ ಮಾಡಬೇಕೆಂದಿದ್ದೇವೆ. ಮೂವತ್ತೆರಡು ಜನ ನಮ್ಮಲ್ಲಿಲ್ಲ. ನಾವಿರುವುದು ಐವರು. ನನ್ನ ಪಿಟೀಲು, ನನ್ನ ತಮ್ಮ ಅಚ್ಯುತನ ವೀಣೆ, ಮುರಳಿಮೋಹನ್ ಅವರ ಕೊಳಲು, ಹರಿಕೃಷ್ಣನ ಮೃದಂಗ, ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ನುಡಿಸುವ ರಮೇಶ್‌ಬಾಬು ಅವರ ಕ್ಲಾರಿನೆಟ್. ಒಂದು ಕೋಣೆಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವಷ್ಟೇ ಜನ.

ತಾತನ ಕೈಬರಹದ ಪುಸ್ತಕದಲ್ಲಿ ಐದನೆಯ ಹಾಡಿನ ಅರ್ಧ ಹಾಳೆಯನ್ನು ಗೆದ್ದಲು ತಿಂದಿದೆ. ‘ನೂರು ಸಲ ತಿರುಗಿ ಒಂದು ಮನೆ ಕಟ್ಟಿದೆ, ಬಾಗಿಲು ಇಡುವುದ ಮರೆತೆ’ ಎಂಬಲ್ಲಿಗೆ ನಿಂತುಹೋಗುತ್ತದೆ. ಆ ಕ್ಯಾಸೆಟ್ಟೂ ನಮಗೆ ಸಿಕ್ಕಿಲ್ಲ, ಮುಂದಿನದು ಈಗ ಉಳಿದಿರುವುದು ನಿಮ್ಮ ಕಂಠದಲ್ಲಿ ಮಾತ್ರ. ನಿಮ್ಮ ಕಂಠವಿಲ್ಲದೆ ನಮ್ಮ ರೆಕಾರ್ಡಿಂಗ್ ಪೂರ್ತಿಯಾಗುವುದಿಲ್ಲ. ಕೆಳಗೆ ನನ್ನ ಫೋನ್ ನಂಬರ್ ಇದೆ.

ಇತಿ,
ಶ್ರೀವಲ್ಲಿ


ಅಂಬಾಜಿದುರ್ಗದ ಕೆಳಗೆ, ಚಿಂತಾಮಣಿ ತಾಲ್ಲೂಕು
17 ಫೆಬ್ರವರಿ 2025

ಮೇಷ್ಟ್ರ ಮೊಮ್ಮಗಳಿಗೆ ಚಿಕ್ಕವೆಂಕಟಮ್ಮನ ಆಶೀರ್ವಾದಗಳು.

ನಿಮ್ಮ ಕಾಗದ ಬಂತು. ಓದಿ, ಮಡಿಚಿ, ಸೊಪ್ಪು ಹಾಕಿ ಬಂದು ಮತ್ತೆ ಓದಿದೆ. ನಮ್ಮ ಯಜಮಾನರು ನರಸಿಂಹಪ್ಪನವರು, "ಏನೇ ಅದು, ಬ್ಯಾಂಕ್‌ನೋರ ನೋಟೀಸಾ?" ಎಂದರು. "ಅಲ್ಲ ಕಣ್ರೀ, ನನ್ನ ಹಾಡೋಕ್ ಕರೆದವ್ರೆ" ಎಂದೆ. ಅವರು ಕೈಯಲ್ಲಿದ್ದ ಕಾಫಿಯನ್ನು ಕುಡಿಯದೆ ಹಾಗೇ ನಿಂತರು.

ಬರುತ್ತೇನೆ. ಬಂದೇ ಬರುತ್ತೇನೆ. ನನಗೆ ಅರವತ್ತೆರಡು. ಎರಡು ಎಕರೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ಐದಾರು ಬೆಳೆ ಹುಳ. ಹಾಡಿ ನಲವತ್ತು ವರ್ಷವಾಯಿತು. ಆದರೂ ನಿಮ್ಮ ಕಾಗದ ಬಂದ ಮಾರನೆಯ ದಿನದಿಂದಲೇ ಸಾಧನೆ ಶುರು ಮಾಡಿದ್ದೇನೆ. ಮೊದಲ ದಿನ ಕೊಟ್ಟಿಗೆಯ ಹಿಂದೆ ನಿಂತು ಮೇಲಿನ ಷಡ್ಜ ಹಿಡಿದೆ. ಪಕ್ಕದ ಮನೆಯ ಮುನಿಗಂಗಮ್ಮ ಓಡಿಬಂದು, "ಏನು ವದಿನಾ, ಹಸು ಈಯ್ತಾ? ಏನೋ ಕೂಗ್ದಂಗಾಯ್ತು" ಎಂದಳು. ಈಗ ಪರವಾಗಿಲ್ಲ. ಹಸುವೂ ಒಗ್ಗಿಕೊಂಡಿದೆ.

ಫೋನ್ ಬೇಡಮ್ಮ. ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಎನ್ನುವುದರೊಳಗೆ ಮಾತು ಮುಗಿದುಹೋಗುತ್ತದೆ. ಕಾಗದವೇ ಬರೆಯಿರಿ. ಐದನೆಯ ಹಾಡನ್ನು ಬರೆದು ಕಳಿಸುವುದೇನು ಬಂತು? ಎದುರಿಗೇ ಹಾಡಿಬಿಡುತ್ತೇನೆ. ಯಾವ ತಿಂಗಳು ಎಂದು ಮಾತ್ರ ತಿಳಿಸಿ. ಹುಳದ ಬೆಳೆಯನ್ನು ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಬೇಕು.

ಚಿಕ್ಕವೆಂಕಟಮ್ಮ


ಚಿಕ್ಕಬಳ್ಳಾಪುರ
3 ಮಾರ್ಚ್ 2025

ಚಿಕ್ಕವೆಂಕಟಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಉಳಿದ ನಾಲ್ವರಿಗೂ ಓದಿ ಹೇಳಿದೆ. ಹಸುವಿನ ಸುದ್ದಿಗೆ ಹರಿಕೃಷ್ಣ ಮೃದಂಗ ಕೆಳಗಿಟ್ಟು ನಕ್ಕ. ರೆಕಾರ್ಡಿಂಗ್ ಆಗಸ್ಟ್ ಕೊನೆಗೆ. ಬಹಳ ದಿನ ಇದೆ, ನೀವು ಆಯಾಸ ಮಾಡಿಕೊಳ್ಳಬೇಡಿ. ಗಂಟಲಿಗೆ ತೊಂದರೆಯಾದೀತು.

ಮಂಚೇನಹಳ್ಳಿಯ ಪವಿತ್ರ ಎಂಬ ಹುಡುಗಿ ನಮ್ಮ ಜೊತೆಗಿದ್ದಾಳೆ. ಇಪ್ಪತ್ತಮೂರು ವರ್ಷ, ಒಳ್ಳೆಯ ಶಾರೀರ. ಅವಳೂ ಈ ಹಾಡುಗಳನ್ನು ಕಲಿಯುತ್ತಿದ್ದಾಳೆ. ಐದನೆಯ ಹಾಡಿನ ಸಾಲುಗಳನ್ನು ದಯವಿಟ್ಟು ಬರೆದು ಕಳಿಸಿದರೆ ಅವಳಿಗೆ ಅನುಕೂಲ.

ಎರಡನೆಯ ಹಾಡಿನಲ್ಲಿ ಹುಳಗಳು ಸೊಪ್ಪು ತಿನ್ನುವ ಸದ್ದಿಗೆ ಹಳೆಯ ಕ್ಯಾಸೆಟ್ಟಿನಲ್ಲಿ ಹತ್ತು ಪಿಟೀಲು ಇದ್ದವಂತೆ. ನಾನೊಬ್ಬಳೇ ಅದನ್ನು ಮಳೆ ಸುರಿದ ಹಾಗೆ ನುಡಿಸಲು ಪರದಾಡುತ್ತಿದ್ದೇನೆ.

ಶ್ರೀವಲ್ಲಿ


ಅಂಬಾಜಿದುರ್ಗದ ಕೆಳಗೆ
20 ಮಾರ್ಚ್ 2025

ಚಿ. ಸೌ. ಶ್ರೀವಲ್ಲಿಗೆ ಆಶೀರ್ವಾದಗಳು.

ಗಂಟಲಿನ ಚಿಂತೆ ಬೇಡ. ಯಜಮಾನರು ಚಿಂತಾಮಣಿಯಿಂದ ಜೇನುತುಪ್ಪ ತಂದುಕೊಟ್ಟಿದ್ದಾರೆ. ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ನಾನು ಕೇಳದೆ ಅವರು ತಂದ ವಸ್ತುಗಳಲ್ಲಿ ಇದು ಎರಡನೆಯದು. ಮೊದಲನೆಯದು ಔಷಧಿ ಹೊಡೆಯುವ ಪಂಪು.

ಮಳೆಯ ಹಾಗೆ ನುಡಿಸಬೇಡಿ. ಹುಳ ಸೊಪ್ಪು ತಿನ್ನುವುದನ್ನು ಪಟ್ಟಣದವರೆಲ್ಲ ಮಳೆ ಎನ್ನುತ್ತಾರೆ. ಮಳೆ ಮೇಲಿನಿಂದ ಬೀಳುತ್ತದೆ. ಇದು ಕೆಳಗಿನಿಂದ ಏಳುವ ಸದ್ದು, ಹೊಸ ಸೀರೆ ಉಟ್ಟ ನೂರು ಜನ ಒಟ್ಟಿಗೆ ಎದ್ದು ಹೊರಟ ಹಾಗೆ. ಒಂದು ಸಲ ಬಂದು ಕೇಳಿ.

ಪವಿತ್ರ ಕಲಿಯಲಿ, ಸಂತೋಷ. ನನಗೆ ಜ್ವರಗಿರ ಬಂದು ಮಲಗಿದರೆ ಒಬ್ಬರು ಇರಬೇಕಲ್ಲ. ಹಾಡು ಬರೆದರೆ ಮಾತು ಬರುತ್ತದೆ, ಮಾತಿನ ಸಂದಿಯಲ್ಲಿ ಇರುವುದು ಬರುವುದಿಲ್ಲ. ಅದಕ್ಕೇ ಕಳಿಸುತ್ತಿಲ್ಲ, ಬೇಸರ ಬೇಡ. ಆಗಸ್ಟಿಗೆ ನಾನು ಯಾವ ಬಣ್ಣದ ಸೀರೆ ಉಡಲಿ? ಫೋಟೋ ತೆಗೆಯುತ್ತಾರೆಯೇ?

ಇನ್ನೊಂದು ಮಾತು. ಆ ಹಳೆಯ ಕ್ಯಾಸೆಟ್ ನಿಮ್ಮ ಹತ್ತಿರ ಇದ್ದರೆ ಕೇಳಬೇಡಿ.

ಚಿಕ್ಕವೆಂಕಟಮ್ಮ


ಚಿಕ್ಕಬಳ್ಳಾಪುರ
24 ಏಪ್ರಿಲ್ 2025

ಅಮ್ಮಾ,

ಈ ಕಾಗದವನ್ನು ಒಂದು ತಿಂಗಳಿಂದ ಬರೆದು ಬರೆದು ಹರಿಯುತ್ತಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ನಾನು ಮೊದಲು ಬರೆದಾಗಲೇ ಹಾಡುವವಳು ಪವಿತ್ರ ಎಂದು ತೀರ್ಮಾನವಾಗಿತ್ತು. ನಿಮ್ಮ ಕಂಠ ಬೇಕು ಎಂದು ನಾನು ಬರೆದದ್ದು ಕಂಠಪಾಠ ಎನ್ನುವ ಅರ್ಥದಲ್ಲಿ. ಚಂದಕ್ಕೆ ಬರೆಯಲು ಹೋಗಿ ಎಡವಿದೆ. ನಿಮ್ಮ ಉತ್ತರ ಬಂದಾಗಲೇ ತಿದ್ದಬೇಕಿತ್ತು. ಅಷ್ಟು ಸಂತೋಷ ಅದರಲ್ಲಿತ್ತು, ಧೈರ್ಯ ಬರಲಿಲ್ಲ. ಎರಡನೆಯ ಸಲ ಪವಿತ್ರಳ ಹೆಸರು ಹೇಳಿ ನೀವೇ ಅರ್ಥ ಮಾಡಿಕೊಳ್ಳಲಿ ಎಂದು ಬಿಟ್ಟೆ. ಅದು ಹೇಡಿತನ.

ಪವಿತ್ರ ವರ್ಷದಿಂದ ಈ ಹಾಡುಗಳಿಗಾಗಿ ಗೌರಿಬಿದನೂರಿನ ಕೆಲಸ ಮುಗಿಸಿ ವಾರಕ್ಕೆ ಮೂರು ಸಂಜೆ ಇಲ್ಲಿಗೆ ಬರುತ್ತಾಳೆ. ಅವಳನ್ನು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಿಮಗೆ ಬೇಡ ಎನ್ನಲೂ ಬರುವುದಿಲ್ಲ.

ಕ್ಯಾಸೆಟ್ ಕೇಳಬೇಡಿ ಎಂದಿರಿ. ಹುಡುಕಿ ತರಿಸಿ ಕೇಳಿದೆ, ಅದೂ ತಪ್ಪೇ. ಐದನೆಯ ಹಾಡಿನ ಮಾತಿಗಾಗಿ ಕಿವಿಗೊಟ್ಟೆ. ಒಂದು ಸಾಲೂ ಹಿಡಿಯಲಾಗಲಿಲ್ಲ. ವಾದ್ಯಗಳೇ ಕೇಳುತ್ತವೆ.

ಕ್ಷಮಿಸಿ.
ಶ್ರೀವಲ್ಲಿ


ಚಿಕ್ಕಬಳ್ಳಾಪುರ
27 ಮೇ 2025

ಅಮ್ಮಾ,

ಉತ್ತರ ಬರಲಿಲ್ಲ. ಬೈದಾದರೂ ಎರಡು ಸಾಲು ಬರೆಯಿರಿ. ಹಾಡಿನ ಸಾಲುಗಳನ್ನು ಕೇಳುತ್ತಿಲ್ಲ. ಅವಿಲ್ಲದೆ ಐದೇ ಹಾಡು ಮಾಡುತ್ತೇವೆ. ನೀವು ಚೆನ್ನಾಗಿದ್ದೀರಾ ಎಂದಷ್ಟೇ ತಿಳಿಯಬೇಕು.

ಶ್ರೀವಲ್ಲಿ


ಅಂಬಾಜಿದುರ್ಗದ ಕೆಳಗೆ
8 ಜೂನ್ 2025

ಶ್ರೀವಲ್ಲಿ,

ಇನ್ನು ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ತಪ್ಪು ಒಪ್ಪಿಕೊಂಡವಳಿಗೆ ನೀವು ಎಂದರೆ ದೂರವಿಟ್ಟ ಹಾಗಾಗುತ್ತದೆ.

ನಿನ್ನ ಕಾಗದ ಬಂದ ಮೇಲೆ ಹತ್ತು ದಿನ ನಾನು ಊರಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದೆ. ಮುನಿಗಂಗಮ್ಮ, ಹಾಲಿನ ಡೇರಿ, ಬಸ್ಸಿನ ಕಂಡಕ್ಟರ್, ಎಲ್ಲರಿಗೂ ಹೇಳಿಬಿಟ್ಟಿದ್ದೆನಲ್ಲ. ಹನ್ನೊಂದನೆಯ ದಿನ ಯಜಮಾನರಿಗೆ ನಿಜ ಹೇಳಿದೆ. ಅವರು, "ಹಂಗಾರೆ ಜೇನುತುಪ್ಪ ಏನ್ ಮಾಡಣ?" ಎಂದರು. ನನಗೆ ನಗು ಬಂತು ನೋಡು, ಕೂತು ನಕ್ಕೆ, ಅವರೂ ನಕ್ಕರು. ಆ ಮೇಲೆ ಒಂದು ಬೆಳೆ ಹುಳ ಮುಗಿಯುವುದರೊಳಗೆ ಇನ್ನೊಂದು. ಕಾಗದ ಬರೆಯಲು ಪುರುಸೊತ್ತಾಗಲಿಲ್ಲ. ಕೋಪವಿರಲಿಲ್ಲ.

ಕ್ಯಾಸೆಟ್ಟಿನ ಮಾತು ಹೇಳುತ್ತೇನೆ. ನಾನಾಗ ಶಿಡ್ಲಘಟ್ಟದಲ್ಲಿ ಅಕ್ಕನ ಮನೆಯಲ್ಲಿದ್ದೆ. ಹುಳಕ್ಕೆ ಸೊಪ್ಪು ಹಾಕುವಾಗ ಹಾಡಿಕೊಳ್ಳುತ್ತಿದ್ದೆ. ಪಕ್ಕದ ಬೀದಿಯ ನಿನ್ನ ತಾತ ಅದನ್ನು ಕೇಳಿ ಅಕ್ಕನ ಹತ್ತಿರ ಬಂದು, "ಈ ಮಗೂಗೆ ನಾನು ಹಾಡು ಕಟ್ಕೊಡ್ತೀನಿ, ಕಳಿಸ್ರಮ್ಮ" ಎಂದರು. ಎರಡು ವರ್ಷ ಕಲಿಸಿದರು. ಬೆಂಗಳೂರಿಗೆ ಕರೆದೊಯ್ದರು. ಕ್ಯಾಸೆಟ್ ಬಂದ ದಿನ ಊರಿನವರೆಲ್ಲ ಮೈಕ್‌ಸೆಟ್ ಹಾಕಿಸಿ ಕೂತು ಕೇಳಿದರು. ಆರೂ ಹಾಡು ಮುಗಿದವು. ನಮ್ಮಣ್ಣ ನಲ್ಲಪ್ಪ ಎದ್ದು, "ನಿನ್ ಹೆಸ್ರು ಕೇಳಿಸ್ತು, ನೀನ್ ಕೇಳಿಸ್ಲಿಲ್ಲ ಕಣೇ" ಎಂದ. ತಮಾಷೆಗೆ ಹೇಳಿದ್ದು. ಆದರೆ ನನ್ನ ದನಿ ಸಾಲದಾಯಿತು, ಮೇಷ್ಟ್ರಿಗೆ ಅವಮಾನ ಮಾಡಿದೆ ಎಂದು ನನಗನ್ನಿಸಿತು. ಮತ್ತೆ ಅವರ ಮನೆಗೆ ಹೋಗಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವರು ಬರೆದ ಕಾಗದಕ್ಕೂ ಉತ್ತರ ಕೊಡಲಿಲ್ಲ. ನೀನು ಒಂದು ತಿಂಗಳು ಕಾದೆ, ಅವರು ಎಷ್ಟು ಕಾದರೋ.

ಐದನೆಯ ಹಾಡಿನ ಉಳಿದದ್ದು ಇದು:

ಒಳಗಿದ್ದು ಕೇಳುವೆ, ಹೊರಗೆ ಯಾರಮ್ಮಾ
ನನ್ನ ಹೆಸರ ಕರೆದವರು?
ಹಾದಿ ಬಿಡಿ, ನಾನೇ ದಾರವಾಗಿ ಬರುವೆ,
ಕೊನೆ ಹಿಡಿದು ಯಾರು ನಿಂತವರು?

ಆ ಹುಡುಗಿಯನ್ನು ನಾಲ್ಕು ದಿನ ಇಲ್ಲಿಗೆ ಕಳಿಸು. ಇಪ್ಪತ್ತನೇ ತಾರೀಖಿಗೆ ನಮ್ಮ ಹುಳ ನಾಲ್ಕನೆಯ ಜ್ವರಕ್ಕೆ ಕೂರುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ತಿನ್ನುವುದು ಬಿಟ್ಟು, ತಲೆ ಎತ್ತಿ, ಹಳೆಯ ಚರ್ಮ ಕಳಚುವ ಹೊತ್ತು. ಹುಳದ ಮನೆಯಲ್ಲಿ ಆಗ ಉಸಿರೂ ಕೇಳುವುದಿಲ್ಲ. ಅದನ್ನು ನೋಡದೆ ಮೂರನೆಯ ಹಾಡು ಹಾಡಬಾರದು.

ಚಿಕ್ಕವೆಂಕಟಮ್ಮ


ಚಿಕ್ಕಬಳ್ಳಾಪುರ
2 ಜುಲೈ 2025

ಅಮ್ಮಾ,

ಪವಿತ್ರ ಎರಡು ಕೆ.ಜಿ. ಹೆಚ್ಚಾಗಿ ವಾಪಸು ಬಂದಿದ್ದಾಳೆ. ನಿಮ್ಮ ಬಸ್ಸಾರು, ಮುದ್ದೆ, ಮುನಿಗಂಗಮ್ಮನವರ ಒಬ್ಬಟ್ಟು ಇವುಗಳ ವರ್ಣನೆಯೇ ಒಂದು ಗಂಟೆ ನಡೆಯಿತು. ಜ್ವರ ಎದ್ದ ಹುಳಕ್ಕೆ ಮೊದಲ ಸೊಪ್ಪು ಹಾಕಿದಾಗ ಎದ್ದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದಳು. ನನಗೆ ಈಗ ಎರಡನೆಯ ಹಾಡು ಸಿಕ್ಕಿದೆ.

ಅವಳು ಒಂದು ಕಳ್ಳತನ ಮಾಡಿ ಬಂದಿದ್ದಾಳೆ. ಹುಳ ಜ್ವರದಲ್ಲಿದ್ದಾಗ ನೀವು ತಟ್ಟೆಗಳ ನಡುವೆ ಓಡಾಡುತ್ತ ಮೂರನೆಯ ಹಾಡನ್ನು ಗುನುಗಿದಿರಂತೆ. ಹೇಳದೆ ಫೋನಿನಲ್ಲಿ ಹಿಡಿದುಕೊಂಡಳು. ಅಭ್ಯಾಸದ ಮಧ್ಯೆ ನಮಗೆ ಕೇಳಿಸಿದಳು.

ಎಲೆ ಬೇಡವೆಂದು ತಲೆಯೆತ್ತಿ ಕೂತಿದೆ
ಹಳೆ ಅಂಗಿ ಕಳಚುವ ಹೊತ್ತು,
ಸದ್ದು ಮಾಡಬೇಡಿ, ಬಾಗಿಲು ಮುಚ್ಚಿ,
ಮಗುವು ಬೆಳೆಯುವ ಹೊತ್ತು.

ಮದುವೆ ಮನೆಗಳ ಗದ್ದಲದಲ್ಲೇ ಮೂವತ್ತು ವರ್ಷ ಕಳೆದ ರಮೇಶ್‌ಬಾಬು, "ಇಷ್ಟು ಮೆತ್ತಗೂ ಹಾಡ್‌ಬೋದಾ?" ಎಂದರು. ಪವಿತ್ರ ನನ್ನ ಕಡೆ ತಿರುಗಿ, "ಅಕ್ಕ, ಇದು ನನ್ನ ಹಾಡಲ್ಲ, ಅಮ್ಮಂದು. ನೀವು ಕರೀಲಿಲ್ಲ ಅಂದ್ರೆ ನಾನೇ ಕರೀತೀನಿ" ಎಂದಳು.

ಆಮೇಲೆ ತಾತನ ಪುಸ್ತಕ ತೆಗೆದು ಮೂರನೆಯ ಹಾಡನ್ನು ಗಮನವಿಟ್ಟು ನೋಡಿದೆ. ಪೆನ್ಸಿಲಿನಲ್ಲಿ ತಾತ ‘ದನಿಯೊಂದೇ. ವಾದ್ಯ ಇದ್ದೂ ಇಲ್ಲದಂತೆ’ ಎಂದು ಬರೆದಿದ್ದಾರೆ. ಅದರ ಮೇಲೆ ಬೇರೆಯವರ ಕೈಬರಹ, ಶಾಯಿಯಲ್ಲಿ. ಹತ್ತು ಪಿಟೀಲು, ನಾಲ್ಕು ತುತ್ತೂರಿ. ನಿಮ್ಮ ದನಿ ಸಾಲದೇ ಹೋದದ್ದಲ್ಲಮ್ಮ, ಅವರು ಅದಕ್ಕೆ ಜಾಗ ಬಿಡಲಿಲ್ಲ.

ಈ ಸಲ ಯಾವ ಅಲಂಕಾರವೂ ಇಲ್ಲದೆ ಬರೆಯುತ್ತೇನೆ. ಬಂದು ಹಾಡಿ. ಆಗಸ್ಟ್ 23, 24. ಮಂಚೇನಹಳ್ಳಿಯಲ್ಲಿ ಪವಿತ್ರಳ ಚಿಕ್ಕಪ್ಪ ಕಟ್ಟಿಸಿದ ಮನೆಯ ಮಹಡಿಯಲ್ಲಿ. ಇನ್ನೂ ಯಾರೂ ವಾಸಕ್ಕೆ ಬಂದಿಲ್ಲ.

ಶ್ರೀವಲ್ಲಿ


ಅಂಬಾಜಿದುರ್ಗದ ಕೆಳಗೆ
11 ಜುಲೈ 2025

ಶ್ರೀವಲ್ಲಿ,

ಪೆನ್ಸಿಲಿನ ಮಾತನ್ನು ಯಜಮಾನರ ಹತ್ತಿರ ಮೂರು ಸಲ ಓದಿಸಿದೆ. ನಾನು ಓದಿದರೆ ಕನ್ನಡಕ ಮಂಜಾಗುತ್ತದೆ.

ಮೂರನೆಯದು, ಐದನೆಯದು ನಾನು ಹಾಡುತ್ತೇನೆ. ಒಂದು, ಎರಡು, ನಾಲ್ಕು ಪವಿತ್ರಳವು. ಆರನೆಯದನ್ನು ಇಬ್ಬರೂ ಸೇರಿ. ಅದಕ್ಕಿಂತ ಹೆಚ್ಚು ಕೇಳಬೇಡ. ಕಿವಿಗೆ ಏನೂ ಸಿಕ್ಕಿಸಿಕೊಳ್ಳುವುದಿಲ್ಲ. ಎದುರಿಗೆ ಮನುಷ್ಯರ ಮುಖ ಕಾಣಬೇಕು.

ಹಳದಿ ಸೀರೆ ಉಡುತ್ತೇನೆ. ನೀನಂತೂ ಹೇಳಲಿಲ್ಲ.

ಚಿಕ್ಕವೆಂಕಟಮ್ಮ


ಅಂಬಾಜಿದುರ್ಗದ ಕೆಳಗೆ
29 ಆಗಸ್ಟ್ 2025

ಶ್ರೀವಲ್ಲಿ,

ನಾವು ಕ್ಷೇಮವಾಗಿ ಊರು ಸೇರಿದೆವು. ನಾವು ಹಾಡುವಾಗ ಮಹಡಿ ಹತ್ತದೆ ಕೆಳಗೇ ಕೂತಿದ್ದ ಯಜಮಾನರು, ಬಸ್ಸಿನಲ್ಲಿ ಶಿಡ್ಲಘಟ್ಟ ದಾಟುವವರೆಗೂ ಕಿಟಕಿಯಾಚೆಯ ತೋಟಗಳನ್ನೇ ನೋಡುತ್ತಿದ್ದರು. ಆಮೇಲೆ, "ಆ ಬ್ಯಾಂಡ್‌ಸೆಟ್ಟಿನೋರು ಒಳ್ಳೇವ್ರು" ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಆ ಮಹಡಿ ನನಗೆ ಬಹಳ ಹಿಡಿಸಿತು. ಕಿಟಕಿಗೆಲ್ಲ ಕಂಬಳಿ, ಗೋಡೆಗೆ ಹಾಸಿಗೆ ಒರಗಿಸಿ, ಬಾಣಂತಿ ಕೋಣೆಯ ಹಾಗೆ ಮಾಡಿದ್ದಿರಲ್ಲ. ರೆಕಾರ್ಡಿಂಗಿನ ಮೋಹನ್‌ಬಾಬು ನನ್ನ ಮುಂದೆ ಮೈಕ್ ಇಟ್ಟು, "ಅಮ್ಮ, ನೀವು ಮನೇಲಿ ಹಾಡ್ದಂಗೆ ಹಾಡಿ" ಎಂದರು. ಮನೆಯಲ್ಲಿ ಯಾರಪ್ಪಾ ಏಳು ಜನರನ್ನು ಎದುರಿಗೆ ಕೂರಿಸಿಕೊಂಡು ಹಾಡುತ್ತಾರೆ? ಮೊದಲೆರಡು ಸಲ ನನ್ನ ದನಿ ನನಗೇ ಅಪರಿಚಿತವಾಗಿತ್ತು. ಪವಿತ್ರ ಎದ್ದು ಬಂದು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು. ಆಮೇಲೆ ಸಲೀಸಾಯಿತು.

ಒಂದು ಕೊರಗು ಮಾತ್ರ ಉಳಿಯಿತು. ಜ್ವರದ ಹಾಡು ನಡುವೆ ಇರುವಾಗ ಕರೆಂಟು ಹೋಯಿತಲ್ಲ. ಕೆಳಗಿನ ಮೋಟಾರಿನ ಗುಂಯ್ ಎನ್ನುವ ಸದ್ದೂ ನಿಂತುಹೋಯಿತು. ನೀವು ಯಾರೂ ನಿಲ್ಲಿಸಲಿಲ್ಲ, ಹೇಗೂ ಮಿಷನ್ ನಿಂತಿದೆ, ಯಾರ ಹಂಗೂ ಇಲ್ಲ ಎಂದುಕೊಂಡು ನಾನು ಹಾಡುತ್ತ ಹೋದೆ. ಹುಳದ ಮನೆಯಲ್ಲೇ ಇದ್ದ ಹಾಗಿತ್ತು. ನಿನ್ನ ಪಿಟೀಲು ಎಲ್ಲಿ ಮುಗಿದು ನನ್ನ ಉಸಿರು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಕರೆಂಟು ಬಂದ ಮೇಲೆ ಮತ್ತೆರಡು ಸಲ ಹಾಡಿಸಿದಿರಿ. ಅದು ಸರಿಯಾಗಿತ್ತು, ಅಷ್ಟೇ. ನೀನು ಕೊರಗಬೇಡ. ಸಿಗದೇ ಹೋದದ್ದನ್ನು ನಾವೆಂಟು ಜನ ಕೇಳಿದ್ದೇವೆ, ಸಾಕು.

ಚಿಕ್ಕವೆಂಕಟಮ್ಮ


ಚಿಕ್ಕಬಳ್ಳಾಪುರ
20 ಸೆಪ್ಟೆಂಬರ್ 2025

ಅಮ್ಮಾ,

ಜೊತೆಗಿರುವ ಪೆನ್‌ಡ್ರೈವ್‌ನಲ್ಲಿ ಆರೂ ಹಾಡುಗಳಿವೆ. ಮೂರನೆಯದನ್ನು ಕೇಳುವ ಮುನ್ನ ಕೂತುಕೊಳ್ಳಿ.

ಮಿಷನ್ ನಿಂತಿರಲಿಲ್ಲ. ಕರೆಂಟು ಹೋದಾಗ ಅದು ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ಮೋಹನ್‌ಬಾಬು ಕೈಸನ್ನೆ ಮಾಡಿದ್ದಕ್ಕೇ ನಾವು ನಿಲ್ಲಿಸಲಿಲ್ಲ. ಆದರೆ ಪೂರ್ತಿ ಉಳಿದಿದೆಯೋ ಇಲ್ಲವೋ ಅವರಿಗೂ ಖಾತ್ರಿಯಿರಲಿಲ್ಲ. ಸುಳ್ಳು ಆಸೆ ಬೇಡ ಎಂದು ಅಲ್ಲಿ ಬಾಯಿಬಿಡಲಿಲ್ಲ. ಮೂರು ದಿನ ಬಿಟ್ಟು ಫೋನ್ ಮಾಡಿ, "ಮೇಡಂ, ಒಂದು ಉಸಿರೂ ಬಿಟ್ಟುಹೋಗಿಲ್ಲ" ಎಂದರು. ನಿಮ್ಮ ಕಾಗದ ಬಂದಾಗ ನನಗೆ ಗೊತ್ತಿತ್ತು. ಎಲ್ಲ ಕೆಲಸ ಮುಗಿದು ನಿಮ್ಮ ಕೈಗೆ ಬರಲಿ ಎಂದು ಈ ಸಲವೂ ಮುಚ್ಚಿಟ್ಟೆ. ಈ ಮುಚ್ಚುಮರೆಗೆ ಕ್ಷಮೆ ಕೇಳುವುದಿಲ್ಲ.

ಒಂದು ಮಾತು ನೀವೇ ತೀರ್ಮಾನಿಸಬೇಕು. ಹಾಡು ಮುಗಿದ ಕೂಡಲೇ ನಿಮ್ಮ ದನಿ ಇದೆ. "ಅಯ್ಯೋ, ಇಷ್ಟ್ ಚೆನ್ನಾಗ್ ಬಂತಲ್ಲಪ್ಪಾ, ಕರೆಂಟೇ ಇಲ್ವಲ್ಲ!" ಆಮೇಲೆ ನಿಮ್ಮ ನಗು, ಅದರ ಹಿಂದೆ ನಮ್ಮೆಲ್ಲರದು. ಅಚ್ಯುತ ಅದನ್ನು ಕತ್ತರಿಸಬೇಕು ಎನ್ನುತ್ತಾನೆ, ಶಾಸ್ತ್ರೀಯ ಹಾಡಿನ ಕೊನೆಗೆ ಅದು ಸಲ್ಲದಂತೆ. ಪವಿತ್ರ ಇರಲಿ ಎನ್ನುತ್ತಾಳೆ. ನೀವು ಹೇಳಿದ ಹಾಗೆ.

ಶ್ರೀವಲ್ಲಿ


ಅಂಬಾಜಿದುರ್ಗದ ಕೆಳಗೆ
28 ಸೆಪ್ಟೆಂಬರ್ 2025

ಶ್ರೀವಲ್ಲಿ,

ಮನೆಯಲ್ಲಿ ಅದನ್ನು ಹಾಕಲು ಏನೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಹಾಡಿನ ಡಬ್ಬಿ ಇದೆ. ಬೆಳಿಗ್ಗೆ ಸೊಪ್ಪು ಕೊಯ್ದಾದ ಮೇಲೆ ತೋಟದ ಅಂಚಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಹಾಕಿದೆವು. ಯಜಮಾನರು ಸೀಟಿನ ಮೇಲೆ, ನಾನು ಸೊಪ್ಪಿನ ಹೊರೆಯ ಮೇಲೆ.

ಪವಿತ್ರಳ ಮೊದಲೆರಡು ಹಾಡು ಆದವು. ಎಷ್ಟು ತಿಳಿಯಾಗಿ ಹಾಡಿದ್ದಾಳೆ ಆ ಮಗು! ನಿನ್ನ ಪಿಟೀಲು ಸೊಪ್ಪು ತಿಂದಿತು. ಮೂರನೆಯದು ಶುರುವಾಯಿತು. ಯಜಮಾನರು ಸ್ಟೇರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಾ ಕೂತಿದ್ದರು, ರಸ್ತೆ ತಪ್ಪಿಹೋಗುತ್ತದೇನೋ ಎನ್ನುವ ಹಾಗೆ. ಮುಗಿದ ಮೇಲೆ, "ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. "ಇನ್ನೊಂದ್ಸಲ." ಅಷ್ಟರಲ್ಲಿ ಮುನಿಗಂಗಮ್ಮ ಬಂದಳು, ಕಳೆ ಕೀಳುವವರು ಬಂದರು, ಅವರಿಗಾಗಿ ಮತ್ತೆ ಮೊದಲಿನಿಂದ. ಹನ್ನೊಂದು ಗಂಟೆಯ ಹೊತ್ತಿಗೆ ಬ್ಯಾಟರಿ ಇಳಿದು ಟ್ರ್ಯಾಕ್ಟರ್ ಸ್ಟಾರ್ಟೇ ಆಗಲಿಲ್ಲ. ಮನೆಯವರೆಗೂ ಒಂಬತ್ತು ಜನ ತಳ್ಳಿದೆವು. ನಾನೂ ತಳ್ಳಿದೆ. ದಾರಿಯುದ್ದಕ್ಕೂ ಮುನಿಗಂಗಮ್ಮ ಜ್ವರದ ಹಾಡನ್ನು ತಪ್ಪುತಪ್ಪಾಗಿ ಹಾಡುತ್ತಿದ್ದಳು.

ಅಚ್ಯುತನಿಗೆ ಹೇಳು, ಆ ಮಾತು, ಆ ನಗು ಕತ್ತರಿಸಬಾರದು. ಅದನ್ನು ತೆಗೆಯುವುದಾದರೆ ಹಾಡನ್ನೂ ತೆಗೆದುಬಿಡಲಿ. ಎರಡೂ ಒಂದೇ ಉಸಿರಿನಲ್ಲಿ ಬಂದವು ಕಣಮ್ಮ.

ಚಿಕ್ಕವೆಂಕಟಮ್ಮ